ಮೂಲಿಮನಿ ಅತ್ತಿಯ ಪರಾತ

ನಮ್ಮ ಓಣಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ, ಮುಂಬಾಗಿಲಲ್ಲಿ ಅವರ ಕಾಲಿಗೆ ನೀರು ಕೊಡುತ್ತಿರುವಾಗಲೇ ಹಿತ್ತಲ ಬಾಗಿಲಿನಿಂದ ಒಬ್ಬರು ಮೂಲೆಯ ಮನೆಗೆ ಓಡುತ್ತಿದ್ದರು. ನಾನೂ ಎಷ್ಟೋ ಸಲ ಓಡಿದ್ದೇನೆ.

“ಅತ್ತೀ, ಹಡಗಲಿಯಿಂದ ಐದು ಮಂದಿ ಬಂದಾರ. ಮನಿಯಾಗ ಏನೂ ಇಲ್ಲಂತ, ಅವ್ವ ಕರೀತಾಳ.”

“ಏನೂ ಇಲ್ಲದ ಮನಿ ನಾ ಇನ್ನಾ ನೋಡಿಲ್ಲ. ಅದಿರ್ಲಿ, ಬಂದೋರಾಗ ಹಲ್ಲಿಲ್ಲದೋರು ಎಷ್ಟು ಮಂದಿ ಅದಾರ?”

ಅವರ ಮೊದಲ ಪ್ರಶ್ನೆ ಯಾವಾಗಲೂ ಇದೇ. ಉತ್ತರ ಗೊತ್ತಿಲ್ಲದಿದ್ದರೆ ವಾಪಸು ಓಡಿ, ನೆಂಟರು ನಗುವವರೆಗೆ ಬಾಗಿಲ ಬಳಿ ನಿಂತು, ಹಲ್ಲು ಎಣಿಸಿಕೊಂಡು ಬರಬೇಕಾಗಿತ್ತು. ಅಷ್ಟರಲ್ಲಿ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಹಿತ್ತಾಳೆಯ ಅಗಲವಾದ ಪರಾತವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಿರುತ್ತಿದ್ದರು. ಉಳಿದ ಹೆಂಗಸರು ಅಂಥ ಪರಾತದಲ್ಲಿ ಹಿಟ್ಟು ನಾದುತ್ತಿದ್ದರು. ಅವರು ಅದರಲ್ಲಿ ನಮ್ಮ ಓಣಿಯ ಮಾನ ಜೋಡಿಸುತ್ತಿದ್ದರು.

ಹೋದ ತಿಂಗಳು ಅವರು ಹಗರಿಬೊಮ್ಮನಹಳ್ಳಿಯಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗಬೇಕಾದದ್ದು ಅವರ ಕೈಗಳು. ನನಗೆ ನೆನಪಾಗುವುದು ಒಂದು ಮಧ್ಯಾಹ್ನದ ಅರ್ಧ ನಿಮಿಷ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ಉಳಿದ ಅತ್ತಿಯೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತಾರೆ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಹಾಗೇ ಆಯಿತು.

ಅವರು ನಮಗೆ ಸಂಬಂಧದಲ್ಲಿ ಅತ್ತೆಯಲ್ಲ. ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆ ಓಣಿಯ ಮೂಲೆಯಲ್ಲಿ. ಹಾಗಾಗಿ ಹಿರಿಯರಿಗೆ ಮೂಲಿಮನಿ ಅಕ್ಕ, ನಮಗೆ ಮೂಲಿಮನಿ ಅತ್ತಿ. ತವರು ಕೂಡ್ಲಿಗಿ ಕಡೆಯ ಒಂದು ಹಳ್ಳಿ. ಬಸ್ಸು ಮುಂದಕ್ಕೆ ಹೋಗದ ಊರಂತೆ ಅದು. ಸಂಜೆ ಬಸ್ಸಿಳಿದವರೆಲ್ಲ ರಸ್ತೆ ಬದಿಯ ಇವರ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದರಂತೆ. “ಕೂತೋರ ಮುಂದ ಬರೀ ನೀರಿಡಾಕ ನಮ್ಮವ್ವಗ ಮನಸು ಬರ್ತಿದ್ದಿಲ್ಲ. ಇದ್ದದ್ದು ಮೂರು ಡಬ್ಬಿ. ಮೂರರಾಗ ಒಂಬತ್ತು ಮಾಡ್ತಿದ್ಲು” ಎಂದು ಅವರೇ ಒಮ್ಮೆ ಹೇಳಿದ್ದರು. ವಿದ್ಯೆ ಅಲ್ಲಿಂದ ಬಂದದ್ದು.

ಬೇರೆಯವರ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅವರು ಏನಿದೆ ಎಂದು ಕೇಳುತ್ತಿರಲಿಲ್ಲ. “ಎಲ್ಲಾ ಮುಚ್ಚಳ ತಗೀರಿ” ಎನ್ನುತ್ತಿದ್ದರು. ಸಾಲಾಗಿ ಬಾಯಿ ತೆರೆದ ಡಬ್ಬಿಗಳ ಮೇಲೆ ಬಗ್ಗಿ, ಒಂದೊಂದನ್ನೂ ಮೂಸುತ್ತ ಹೋಗುತ್ತಿದ್ದರು. “ಈ ಚಟ್ನಿಪುಡಿ ಹೋದ ಅಮಾಸಿದು, ಬ್ಯಾಡ. ಇದು ಗುರೆಳ್ಳು, ಚಲೋ ಐತಿ. ಏ, ಈ ಖಾರ ಮೆತ್ತಗಾಗೇತಿ, ಹಂಚಿನ ಮ್ಯಾಲ ಒಂದೀಟು ಬೆಚ್ಚಗ ಮಾಡು.” ಬಾಯಿಗೆ ಮಾತ್ರ ಏನನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಬಂದವರ ಬಾಯಿಗೆ ಬೀಳುವ ಮೊದಲು ಮನೆಯವರ ನಾಲಿಗೆಗೆ ಬಿದ್ದರೆ ಅದು ಎಂಜಲು ಎನ್ನುವುದು ಅವರ ಹಟ. ದೇವರ ನೈವೇದ್ಯಕ್ಕೆ ಯಾವ ನಿಯಮವೋ ಬಸ್ಸಿಳಿದು ಬಂದವರಿಗೂ ಅದೇ.

“ಉಪ್ಪು ಸಾಕಾಗೇತೋ ಇಲ್ಲೋ ಹೆಂಗ ಗೊತ್ತಾಗತೈತಿ ಯಕ್ಕಾ?” ಎಂದು ನಮ್ಮವ್ವ ಕೇಳಿದರೆ, ಮೂಗಿನ ತುದಿಯನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. “ಇದನ್ನ ಶಿವ ಬರೀ ಮೂಗುತಿ ಇಡಾಕ ಕೊಟ್ಟಾನೇನು?”

ಜೋಡಿಸುವ ಕ್ರಮ ನನಗೆ ಇವತ್ತಿಗೂ ಬಾಯಿಪಾಠ. ಮೊದಲು ಹಸಿ ಪದಾರ್ಥಗಳ ಬಟ್ಟಲು: ಮೊಸರು ಕಲಸಿದ ಶೇಂಗಾ ಚಟ್ನಿ, ಉಪ್ಪಿನಕಾಯಿ, ಬೆಣ್ಣೆ ಇದ್ದರೆ ಬೆಣ್ಣೆ. ಪರಾತದಲ್ಲಿ ಮೂರು ಕಡೆ, ಒಲೆಯ ಗುಂಡುಗಳಂತೆ. ಅವುಗಳ ನಡುವೆ ಕಡಕ್ ರೊಟ್ಟಿಯನ್ನು ಮುರಿದು, ಒಂದಕ್ಕೊಂದು ಒರಗಿಸಿ, ಬಾಗಿದ ಸಾಲು. ರೊಟ್ಟಿ ಇಲ್ಲದಿದ್ದರೆ ನಿನ್ನೆಯ ಚಪಾತಿಯನ್ನೇ ಕತ್ತರಿಸಿ ಕರಿದ ಚೂರುಗಳು. ಆಮೇಲೆ ಒಣ ಪದಾರ್ಥಗಳ ಗುಡ್ಡೆ: ಒಗ್ಗರಣೆ ಮಂಡಕ್ಕಿ, ಖಾರ ಹಚ್ಚಿದ ಶೇಂಗಾ, ಹಪ್ಪಳದ ಚೂರು, ಕರಿದ ಮಜ್ಜಿಗೆ ಮೆಣಸಿನಕಾಯಿ. ಎರಡು ಕೆಂಪು ಅಕ್ಕಪಕ್ಕ ಬರಕೂಡದು. ಮಂಡಕ್ಕಿ ಬಟ್ಟಲನ್ನು ಮುಟ್ಟಕೂಡದು, ಮೆತ್ತಗಾಗುತ್ತದೆ. ಉಳಿದ ಸಂದುಗಳಲ್ಲಿ ಪುಟಾಣಿ ಎನ್ನುವ ಹುರಿಗಡಲೆ, ಬೆಲ್ಲದ ಚೂರು. ಸೌತೆಕಾಯಿ, ಕೊತ್ತಂಬರಿಯ ಹಸಿರು ಕಟ್ಟಕಡೆಗೆ. ಎಲ್ಲ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಒಂದು ಪುಟಾಣಿಯನ್ನು ಇಲ್ಲಿಂದ ಅಲ್ಲಿಗೆ ಇಡುತ್ತಿದ್ದರು. ಅದೊಂದು ಪುಟಾಣಿಯಿಂದ ಏನು ಬದಲಾಗುತ್ತಿತ್ತೋ ನನಗೆ ತಿಳಿಯದು. ಬದಲಾಗುತ್ತಿದ್ದುದು ಮಾತ್ರ ನಿಜ.

ಹಲ್ಲಿಲ್ಲದವರ ಪಾಲು ಬೇರೆ. ಪುಟಾಣಿ ಹಿಟ್ಟಿಗೆ ಬೆಲ್ಲ, ತುಪ್ಪ ಬೆರೆಸಿ ಮೆತ್ತಗೆ ಉಂಡೆ ಕಟ್ಟಿ ಒಂದು ಬದಿಯಲ್ಲಿ ಇಡುತ್ತಿದ್ದರು. ಪರಾತ ಒಯ್ಯುವವರಿಗೆ ಕಟ್ಟಪ್ಪಣೆ: “ಈ ಕಡಿ ಅಜ್ಜನ ಮುಂದ ಬರಬೇಕು. ತಿರುವಿ ಇಟ್ಟೀಯಾ ಮತ್ತ. ಅಜ್ಜ ಕೈ ಚಾಚಿ ಕೇಳಂಗಾಗಬಾರದು.” ಅಜ್ಜ ತನಗೆ ಹಲ್ಲಿಲ್ಲ ಎನ್ನುವುದನ್ನೇ ಮರೆತು ತಿನ್ನುತ್ತಿದ್ದ.

ಒಮ್ಮೆ ನಮ್ಮ ಎದುರು ಮನೆಗೆ ಜಮೀನಿನ ಕೆಲಸದ ಮೇಲೆ ಒಬ್ಬ ಅಧಿಕಾರಿ ತಮ್ಮ ಹೆಂಡತಿಯೊಂದಿಗೆ ಬಂದುಬಿಟ್ಟರು. ಸಂತೆಯ ಹಿಂದಿನ ದಿನ. ಯಾರ ಮನೆಯಲ್ಲೂ ಏನೂ ಉಳಿದಿರುವುದಿಲ್ಲ. ಅತ್ತಿ ನಾಲ್ಕು ಮನೆಯ ಮುಚ್ಚಳ ತೆಗೆಸಿದರು. ಒಬ್ಬರ ಮನೆಯ ಮೂರು ರೊಟ್ಟಿ, ಇನ್ನೊಬ್ಬರ ಮನೆಯ ಅರ್ಧ ಸೇರು ಮಂಡಕ್ಕಿ, ನಮ್ಮ ಮನೆಯ ನಾಲ್ಕು ಉಳ್ಳಾಗಡ್ಡಿ. ಆ ಹೆಂಡತಿ ತಿಂದು ಮುಗಿಸಿ, “ಇದನ್ನು ಯಾವ ಹೋಟೆಲಿನಿಂದ ತರಿಸಿದಿರಿ?” ಎಂದು ಕೇಳಿದರು. ಬಾಗಿಲ ಮರೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದ ಅತ್ತಿ ಮೂರು ದಿನ ಅದನ್ನೇ ಹೇಳಿ ಹೇಳಿ ನಕ್ಕರು. “ಹೋಟೆಲ್ ಹೆಸರು ಉಳ್ಳಾಗಡ್ಡಿ ಭವನ ಅನ್ಬೇಕಿತ್ತವ್ವಾ!”

ನಾನು ಹರಪನಹಳ್ಳಿಯಲ್ಲಿ ಬಿ.ಎಸ್ಸಿ. ಓದಲು ಸೇರಿದ ಮೇಲೆ ನನ್ನನ್ನು ಕಂಡಾಗಲೆಲ್ಲ ಕಾಲೆಳೆಯುತ್ತಿದ್ದರು. “ಬಾರಪಾ ವಿಜ್ಞಾನಿ. ಮಂಡಕ್ಕಿ ಯಾಕ ಮೆತ್ತಗಾಗತೈತಿ, ಹೇಳು.” ನಾನು ಗಾಳಿಯ ತೇವಾಂಶ, ಅದು ಇದು ಎಂದು ಶುರುಮಾಡಿದರೆ, “ಮುಚ್ಚಳ ಹಾಕದ ಸೊಸಿ ಇದ್ರ ಮೆತ್ತಗಾಗತೈತಿ. ಇದಕ್ಕ ಮೂರು ವರ್ಷ ಓದ್ತಾರೇನು?” ಎನ್ನುತ್ತಿದ್ದರು. ಪಕ್ಕದಲ್ಲಿ ಕೂತ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವ್ವ ಹಾಗೆ ನಗುತ್ತಿದ್ದುದು ಅವರೊಬ್ಬರ ಜೊತೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಇಬ್ಬರೂ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತ, ಮಾತಿಗೊಂದು ಕಾಯಿ, ನಗೆಗೊಂದು ಕಾಯಿ, ಮೊರ ತುಂಬಿಸಿಬಿಡುತ್ತಿದ್ದರು. ಅಕ್ಕ ತಂಗಿಯರಿರಬೇಕು ಎಂದು ಹೊಸಬರು ತಿಳಿದುಕೊಳ್ಳುತ್ತಿದ್ದರು.

ಇನ್ನು ಆ ಮಧ್ಯಾಹ್ನದ ಮಾತು.

ತೊಂಬತ್ತರ ದಶಕದ ಕೊನೆಯ ಒಂದು ಮುಂಗಾರು. ನಾನು ಕೊನೆಯ ವರ್ಷದಲ್ಲಿದ್ದೆ. ತಂಗಿಯನ್ನು ನೋಡಲು ಹರಪನಹಳ್ಳಿಯಿಂದ ಗಂಡಿನ ಕಡೆಯವರು ಭಾನುವಾರ ಬರುತ್ತಾರೆಂದು ಗೊತ್ತಾಗಿ ಮನೆಗೆ ಬಂದಿದ್ದೆ. ಹಿಂದಿನ ದಿನವಷ್ಟೇ ಅಪ್ಪ ಮತ್ತು ನಾನು ಬಿತ್ತನೆಯ ಶೇಂಗಾ ಬೀಜಕ್ಕೆ ಪೌಡರ್ ಹಚ್ಚಿದ್ದೆವು. ಹುಳ, ಬೂಷ್ಟು ಹತ್ತದಂತೆ ಬಿತ್ತುವ ಮುಂಚೆ ಕಾಳಿಗೆ ಹಚ್ಚುವ ಬೂದಿಬಣ್ಣದ ವಿಷ ಅದು. ಪೊಟ್ಟಣದ ಮೇಲಿನ ಬರಹವನ್ನು ಅಪ್ಪನಿಗೆ ಓದಿ ಹೇಳಿದವನು ನಾನೇ. ಬಿತ್ತಿ ಉಳಿದ ಕಾಳನ್ನು ಅಪ್ಪ ಒಂದು ಹಳೆಯ ತಗಡಿನ ಡಬ್ಬಿಗೆ ತುಂಬಿ ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದ.

ಭಾನುವಾರ ಬೆಳಿಗ್ಗೆ ಪಡಸಾಲೆ ಖಾಲಿ ಮಾಡುವ ಕೆಲಸ ನನ್ನದಾಯಿತು. ಕುಂಟೆ, ಹಗ್ಗ, ಚೀಲ ಎಲ್ಲವನ್ನೂ ದನದ ಕೊಟ್ಟಿಗೆಗೆ ಸಾಗಿಸಿದೆ. ಡಬ್ಬಿ ಉಳಿಯಿತು. ಕೊಟ್ಟಿಗೆಯಲ್ಲಿ ಇಟ್ಟರೆ ಹೆಗ್ಗಣ ಉರುಳಿಸಿ ಚೆಲ್ಲುತ್ತದೆ, ದನ ತಿಂದರೆ ಸಾಯುತ್ತದೆ ಎಂದು ಯೋಚಿಸಿದೆ. ಅಷ್ಟು ಯೋಚಿಸಿದವನು ಅದನ್ನು ತಂದು ಅಡುಗೆಮನೆಯ ಕೆಳಗಿನ ಹಲಗೆಯ ಮೇಲೆ, ಅಂಥವೇ ಐದಾರು ಡಬ್ಬಿಗಳ ಪಕ್ಕ ಇಟ್ಟೆ. ಅವ್ವನಿಗೆ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ನೆಂಟರು ಬಸ್ಸಿಳಿದರೆಂದು ಅಪ್ಪ ಕೂಗಿದ. ಅವರನ್ನು ಕರೆತರಲು ಓಡಿದೆ.

ವರ, ಅವನ ತಾಯಿ, ಸೋದರಮಾವ, ಅಕ್ಕ, ಅಕ್ಕನ ನಾಲ್ಕು ವರ್ಷದ ಮಗಳು. ಅವ್ವ ಒಳಕೋಣೆಯಲ್ಲಿ ತಂಗಿಗೆ ಸೀರೆ ಉಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತಿ ಒಬ್ಬರೇ. ಎರಡು ದಿನದಿಂದ ಅವರಿಗೆ ಭಾರಿ ನೆಗಡಿ. ಮೂಗು ಕಟ್ಟಿ ಧ್ವನಿಯೇ ಬೇರೆಯಾಗಿತ್ತು. ಕರೆಂಟು ಬೇರೆ ಹೋಗಿತ್ತು. ಮುಚ್ಚಳ ತೆಗೆಯುವ ಸದ್ದು ಪಡಸಾಲೆಗೆ ಒಂದೊಂದಾಗಿ ಕೇಳುತ್ತಿತ್ತು. ಆಮೇಲೆ ಅವರ ದನಿ:

“ಇಲ್ನೋಡವಾ, ಡಬ್ಬಿ ತುಂಬ ಶೇಂಗಾ ಇಟ್ಟುಗೊಂಡು ಶೇಂಗಾ ಸಾಲಂಗಿಲ್ಲ ಅಂತೀಯಲ್ಲ! ಹೊಟ್ಟಿನ ಧೂಳ ಐತಿ, ಒರಸಿ ಹುರೀತೀನಿ.”

“ಹೂಂ, ತಗೋ ಯಕ್ಕಾ” ಎಂದಳು ಅವ್ವ, ಸೀರೆಯ ನೆರಿಗೆ ಹಿಡಿದುಕೊಂಡೇ.

ಆ ಎರಡು ಮಾತೂ ನನ್ನ ಕಿವಿಗೆ ಬಿದ್ದವು. ವರನಿಗೆ ನೀರು ಕೊಡುತ್ತಿದ್ದೆ. ಅವನು ತಾವು ಯಾವ ಬಸ್ಸಿಗೆ ಬಂದದ್ದೆಂದು ಹೇಳುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ಒಳಗೆ ಬಾಣಲೆಗೆ ಒಣಖಾರ ಬಿದ್ದು ಘಾಟು ಎದ್ದಿತು. ಎಲ್ಲರೂ ಕೆಮ್ಮಿ ನಕ್ಕರು. ಆ ಘಾಟಿನಲ್ಲಿ ಬೇರೆ ಯಾವ ವಾಸನೆಯೂ ಉಳಿಯಲಿಲ್ಲ.

ಪರಾತ ಬಂತು. ಅಷ್ಟು ಚೆಂದದ ಪರಾತವನ್ನು ಅವರು ಅದಕ್ಕೂ ಮುಂಚೆ ಜೋಡಿಸಿರಲಿಲ್ಲ. ನಡುವೆ ಬೆಣ್ಣೆಯ ಬಟ್ಟಲು, ಸುತ್ತ ಸಜ್ಜೆ ರೊಟ್ಟಿಯ ಚೂರು, ಸೌತೆಕಾಯಿಯ ಬಿಲ್ಲೆ, ಮಂಡಕ್ಕಿಯ ಹಳದಿ, ಗುರೆಳ್ಳಿನ ಕಪ್ಪು. ಸೋದರಮಾವನ ಮುಂದೆ ಬಂದದ್ದು ಖಾರ ಹಚ್ಚಿದ ಶೇಂಗಾದ ಕೆಂಪು ಗುಡ್ಡೆ.

“ಏನ್ರೀ ಇದು, ಕಣ್ಣಿಗೇ ಊಟ ಆಗಿಹೋತಲ್ರೀ” ಎಂದು ಅವರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದು ನಿಲ್ಲಿಸಿದರು.

“ಶೇಂಗಾ ಯಾಕೋ ಔಷಧಿ ವಾಸನಿ ಬರ್ತೈತಲ್ರೀ.”

ಕನ್ಯೆ ನೋಡಲು ಬಂದ ಮನೆಯಲ್ಲಿ ಉಗುಳುವುದು ಹೇಗೆ? ನುಂಗಿದರು. ಅಪ್ಪನ ಮುಖ ಸಪ್ಪಗಾಯಿತು. “ಖಾರ ಹೆಚ್ಚಾತೇನ್ರೀ?” ಎಂದ.

“ಛೇ ಛೇ, ಇಲ್ರೀ. ಭಾಳ ಚಲೋ ಅದಾವ.” ಅಪ್ಪನ ಮನಸ್ಸಿಗೆ ನೋವಾಗಬಾರದೆಂದು ಆ ಮನುಷ್ಯ ಮತ್ತೊಂದು ಹಿಡಿ ತೆಗೆದುಕೊಂಡರು.

ನಾನು ಹೇಳಬೇಕಾದದ್ದು ಇಷ್ಟೇ. ಮೊದಲನೆಯ ಹಿಡಿಗೂ ಎರಡನೆಯ ಹಿಡಿಗೂ ನಡುವೆ ನನಗೆ ಗೊತ್ತಾಗಿತ್ತು. ವಾಸನೆ ಎಂಬ ಮಾತು ಕೇಳಿದ ಕೂಡಲೇ ತಗಡಿನ ಡಬ್ಬಿ, ಕೆಳಗಿನ ಹಲಗೆ, ಪೊಟ್ಟಣದ ಮೇಲಿನ ಬರಹ ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಬಾಯಿ ತೆರೆಯಲಿಲ್ಲ. ಸಂಬಂಧ ಮುರಿದುಬಿದ್ದರೆ, ಎಂದುಕೊಂಡೆನೋ? ನಾನಂದುಕೊಂಡದ್ದು ಸುಳ್ಳಿದ್ದರೆ, ಎಂದುಕೊಂಡೆನೋ? ಏನನ್ನೂ ಅಂದುಕೊಳ್ಳಲಿಲ್ಲವೋ? ಆ ಅರ್ಧ ನಿಮಿಷವನ್ನು ಸಾವಿರ ಸಲ ತಿರುಗಿಸಿ ನೋಡಿದ್ದೇನೆ. ಪ್ರತಿ ಸಲವೂ ಅವರ ಕೈ ಮೇಲೇಳುತ್ತದೆ, ನಾನು ಸುಮ್ಮನೆ ಕೂತಿರುತ್ತೇನೆ. ಪಕ್ಕದಲ್ಲಿ ಆ ಪುಟ್ಟ ಹುಡುಗಿ ಶೇಂಗಾದ ಗುಡ್ಡೆಗೆ ಕೈ ಹಾಕಿ ಮುಷ್ಟಿ ಕಟ್ಟುತ್ತಾಳೆ.

ವಾಸನೆ ಎನ್ನುವ ಮಾತು ಬಾಗಿಲ ಮರೆಯಲ್ಲಿದ್ದ ಅತ್ತಿಗೂ ಕೇಳಿಸಿತ್ತು. ಬಂದವರ ಎದುರು ಯಾವತ್ತೂ ಬರದವರು ಸೀದಾ ಪಡಸಾಲೆಗೆ ಬಂದರು. ಬಗ್ಗಿ ಒಂದು ಕಾಳು ತೆಗೆದು ಎಲ್ಲರೂ ನೋಡುತ್ತಿದ್ದಂತೆ ಬಾಯಿಗೆ ಹಾಕಿ ಕಚ್ಚಿದರು. ಕೂಡಲೇ ಅಂಗೈಗೆ ಉಗುಳಿದರು. ಮರುಕ್ಷಣ ಸೋದರಮಾವನ ಕೈಗೆ ಹೊಡೆದು ಕಾಳನ್ನೆಲ್ಲ ಬೀಳಿಸಿದರು. ಹುಡುಗಿಯ ಮುಷ್ಟಿ ಬಿಡಿಸಿದರು, ಬಾಯೊಳಗೆ ಬೆರಳು ಹಾಕಿ ನೋಡಿದರು.

“ಯಾರೂ ತಿನ್ನಬ್ಯಾಡ್ರಿ! ಬಿತ್ತೋ ಬೀಜ ಅದಾವ್ರೀ ಇವು, ವಿಷ ಹಚ್ಚಿದ್ದು. ತಪ್ಪು ನಂದು, ನಾನ ಹುರಿದೀನಿ. ಯಾರ್ಯಾರು ಎಷ್ಟೆಷ್ಟು ತಿಂದೀರಿ? ನಾಚಿಕಿ ಬ್ಯಾಡ, ಖರೇ ಹೇಳ್ರಿ.”

ಹುಡುಗಿಯ ಬಾಯಲ್ಲಿ ಏನೂ ಇರಲಿಲ್ಲ. ಸೋದರಮಾವ ಒಬ್ಬರೇ ತಿಂದಿದ್ದರು. ಪಕ್ಕದ ಮನೆಯವರ ಟ್ರ್ಯಾಕ್ಸ್ ಜೀಪಿನಲ್ಲಿ ಅವರನ್ನು ಹಾಕಿಕೊಂಡು ದವಾಖಾನೆಗೆ ಹೋದೆವು. ದಾರಿಯಲ್ಲೇ ಅವರ ತುಟಿ ಬಿಳಿಚಿ, ಬೆವರು ಹರಿಯತೊಡಗಿತು. ಅವರ ತಲೆ ಅತ್ತಿಯ ತೊಡೆಯ ಮೇಲಿತ್ತು. “ಅಣ್ಣಾರ, ಕಣ್ಣ ಮುಚ್ಚಬ್ಯಾಡ್ರಿ. ನನ್ನ ಬೈರಿ. ಬಾಯಿ ತುಂಬ ಬೈರಿ” ಎನ್ನುತ್ತಲೇ ಇದ್ದರು ಅತ್ತಿ. ವೈದ್ಯರು ಯಾವ ಪೌಡರ್ ಎಂದು ಕೇಳಿದಾಗ ನಾನು ಮನೆಗೆ ಓಡಿ ಪೊಟ್ಟಣ ತಂದುಕೊಟ್ಟೆ. ಅವತ್ತು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ರಾತ್ರಿಯೆಲ್ಲ ಹನಿ ಹನಿಯಾಗಿ ಸಲೈನು ಹೋಯಿತು. ಮರುದಿನ ಸಂಜೆ ಅವರು ಎದ್ದು ಕೂತು ಗಂಜಿ ಕುಡಿದರು.

ಬೀಗರಾಗಬೇಕಾದವರು ದೊಡ್ಡ ಮನಸ್ಸಿನವರು. “ಮುಚ್ಚಿಡೋ ಮಂದಿ ಆಗಿದ್ರ ನಾ ಇವತ್ತ ಇರ್ತಿದ್ದಿಲ್ಲ. ಆಯಮ್ಮ ಕೂಡ್ಲೇ ಹೇಳಿದ್ಲು, ಉಳಕೊಂಡೆ” ಎಂದು ಸೋದರಮಾವನೇ ಹೇಳಿ ಸಂಬಂಧ ಗಟ್ಟಿ ಮಾಡಿದರು. ತಂಗಿ ಈಗಲೂ ಹರಪನಹಳ್ಳಿಯಲ್ಲಿ ಸುಖವಾಗಿದ್ದಾಳೆ.

ಆದರೆ ನೆಂಟರು ಊರಿಗೆ ಹೋದ ದಿನ ನಮ್ಮ ಮನೆಯಲ್ಲಿ ಒಂದು ವಿಚಾರಣೆ ನಡೆಯಿತು. ಬೀಜದ ಡಬ್ಬಿ ಪಡಸಾಲೆಯಿಂದ ಅಡುಗೆಮನೆಗೆ ಹೇಗೆ ಹೋಯಿತು ಎಂದು ಅಪ್ಪ ಕೇಳಿದ. “ನಾ ಅಂತೂ ತಂದಿಲ್ಲ” ಎಂದಳು ಅವ್ವ. ಎಲ್ಲರೂ ಅತ್ತಿಯನ್ನು ನೋಡಿದರು. ಅವರು ಬಹಳ ಹೊತ್ತು ಯೋಚಿಸಿದರು.

“ಶೇಂಗಾ ಕಮ್ಮಿ ಬೀಳ್ತಾವ ಅಂತ ನಾನ ಹೊರಗಿಂದ ತಂದೆನೋ ಏನೋ. ನೆನಪಾಗವಲ್ದು. ಕೆಳಗಿನ ಹಲಗಿ ಮ್ಯಾಲ ಇದ್ದಂಗಿತ್ತು… ನಾನ ತಂದಿರಬೇಕು.”

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ.

ಅವ್ವ ಅವರ ಜೊತೆ ಮಾತು ಬಿಟ್ಟಳು. “ನನ್ನ ಮಗಳ ಬಾಳೇವು ಹುಟ್ಟೋಕಿಂತ ಮೊದ್ಲ ಹೂಳತಿದ್ಲು. ಆಕಿ ನೆರಳು ನನ್ನ ಅಡಿಗಿಮನ್ಯಾಗ ಬೀಳಬಾರದು” ಎಂದಳು. ಸಿಟ್ಟಿಗಿಂತ ಹೆಚ್ಚಾಗಿ ಅದು ಹೆದರಿಕೆ. ನನಗೆ ಹಾಗೆ ಅನಿಸಿದ್ದು ಎಷ್ಟೋ ಕಾಲದ ಮೇಲೆ. ಓಣಿಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ನೆಂಟರು ಬಂದಾಗ ಹಿತ್ತಲ ಬಾಗಿಲಿನಿಂದ ಯಾರೂ ಓಡಲಿಲ್ಲ, ಅಷ್ಟೇ. ಬಸ್‌ಸ್ಟ್ಯಾಂಡಿನ ಬಳಿ ಹೊಸ ಬೇಕರಿ ಆಯಿತು, ಪೊಟ್ಟಣದಲ್ಲಿ ಖಾರ, ಬಿಸ್ಕತ್ತು ಬಂದವು. ತಂಗಿಯ ಮದುವೆಗೆ ಅತ್ತಿ ಬಂದರು, ಅಕ್ಕಿಕಾಳು ಹಾಕಿದರು, ಊಟಕ್ಕೆ ಕೂರದೆ ಹೋದರು. ಎರಡು ವರ್ಷದ ಮೇಲೆ ಮೇಷ್ಟ್ರಿಗೆ ಹಗರಿಬೊಮ್ಮನಹಳ್ಳಿಗೆ ವರ್ಗವಾಯಿತು. ಸಾಮಾನಿನ ಲಾರಿ ನಮ್ಮ ಮನೆಯ ಮುಂದೆಯೇ ಹೋಗಬೇಕಿತ್ತು. ಅತ್ತಿ ಡ್ರೈವರನ ಪಕ್ಕ ಕೂತು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು.

ಆ ಮಧ್ಯಾಹ್ನ ಕಳೆದು ಆರು ವರ್ಷಕ್ಕೆ ನಾನು ಹಡಗಲಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಶನಿವಾರ ಕೊಟ್ಟೂರಿಗೆ ಹೊರಟವನು ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್‌ಸ್ಟ್ಯಾಂಡಿನ ಹೊರಗೆ ಸೊಪ್ಪು ಕೊಳ್ಳುತ್ತಿದ್ದ ಅತ್ತಿ ನನ್ನನ್ನು ಕಂಡುಬಿಟ್ಟರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಏ ವಿಜ್ಞಾನೀ! ಕಂಡೂ ಕಾಣದಂಗ ಹೊಂಟೀಯಲ್ಲೋ. ನಡಿ ಮನಿಗೆ, ಇಲ್ಲೇ ಐತಿ.”

ಮೇಷ್ಟ್ರು ಊರಲ್ಲಿರಲಿಲ್ಲ. ಅತ್ತಿ ನನ್ನನ್ನು ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿ ಕೂರಿಸಿದರು. ಹಲಗೆಯ ಮೇಲಿನ ಪ್ರತಿ ಡಬ್ಬಿಗೂ ಒಂದೊಂದು ಕಾಗದದ ಚೀಟಿ ಅಂಟಿಸಿತ್ತು: ಪುಟಾಣಿ, ಅವಲಕ್ಕಿ, ಶೇಂಗಾ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರ ದೊಡ್ಡ ದೊಡ್ಡ ಅಕ್ಷರ. ಶೇಂಗಾದ ಡಬ್ಬಿ ತೆಗೆದು ನೋಡಿದರು, ಮೂಸಿದರು, ಮುಚ್ಚಳ ಹಾಕಿದರು. ಚೀಟಿ ಓದಿದರು. ಮತ್ತೆ ತೆಗೆದರು. ಆಮೇಲೆ ಒಂದು ಹಿಡಿ ಕಾಳನ್ನು ನನ್ನ ಮುಂದೆ ಹಿಡಿದು ಕೇಳಿದರು:

“ನೋಡಪಾ, ಇವು ತಿನ್ನೋವ ಹೌದಲ್ಲೋ?”

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಆರು ವರ್ಷದಲ್ಲಿ ಬಾಯಿಗೆ ಬಾರದ ಮಾತು ಆಗ ತಾನಾಗಿ ಬಂತು.

“ಅತ್ತೀ, ಆ ಡಬ್ಬಿ ಅಡಿಗಿಮನ್ಯಾಗ ತಂದಿಟ್ಟಾಂವ ನಾನು.”

ಅವರು ಕಾಳು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದರು.

“ಯಾವಾಗ?”

“ಅವತ್ತ ಮುಂಜಾನಿ. ಪಡಸಾಲಿ ಖಾಲಿ ಮಾಡಬೇಕಾದ್ರ. ನೀವು ಬರೋಕಿಂತ ಮೊದ್ಲು.”

“ಹಂಗಾದ್ರ ನಾ ಹೊರಗಿಂದ ತಂದಿಲ್ಲ.”

“ಇಲ್ರೀ.”

“ನಾ ತಂದಿಲ್ಲ” ಎಂದರು ಇನ್ನೊಮ್ಮೆ, ತಮಗೇ. ಕಾಳನ್ನು ಡಬ್ಬಿಗೆ ಸುರಿದು ಗೋಡೆಗೆ ಒರಗಿ ಕೂತರು. ಉಳಿದದ್ದನ್ನೂ ಹೇಳಿದೆ. ಎರಡನೆಯ ಹಿಡಿಯ ಮಾತನ್ನೂ ಹೇಳಿದೆ.

“ಆರು ವರ್ಷ ಲೇ!” ಎಂದರು ಕೊನೆಗೆ. ಯಾವತ್ತೂ ನನ್ನನ್ನು ಹಾಗೆ ಕರೆದವರಲ್ಲ. “ಆರು ವರ್ಷ ನಾ ನನ್ನ ಕೈ ನಂಬಿಲ್ಲ. ಮುದುಕಿಗೆ ತಲಿ ನೆಟ್ಟಗಿಲ್ಲ, ಯಾವ ಡಬ್ಬಿ ಎಲ್ಲಿಂದ ತಂದೆ ಅನ್ನೋದೂ ನೆನಪಿರಂಗಿಲ್ಲ ಅಂತ ದಿನಾ ಹೆದರಿ ಸತ್ತೀನಿ. ಅನ್ನಕ್ಕ ನೀರಿಟ್ರೂ ಮೂರು ಸಲ ನೋಡ್ತೀನಿ. ಓಣಿಯಾಗ ಹೇಳಬ್ಯಾಡಾಗಿತ್ತು. ಬೀಗರ ಮುಂದ ಹೇಳಬ್ಯಾಡಾಗಿತ್ತು. ನನ್ನ ಕಿವ್ಯಾಗ ಒಂದು ಮಾತು ಹೇಳಾಕ ಏನಾಗಿತ್ತು ನಿನಗ? ನಾ ಯಾರಿಗೆ ಹೇಳ್ತಿದ್ದೆ?”

ಅವರು ಮೂಗು ಒರೆಸಿಕೊಂಡು ಕೇಳಿದರು, “ನಿಮ್ಮವ್ವಗ ಗೊತ್ತೈತೇನು?”

“ಇಲ್ಲ.”

“ಇವತ್ತು ಹೇಳು. ನನಗ ಹೇಳಿದ್ದಕ್ಕಿಂತ ಅದು ದೊಡ್ಡದು. ಆಕಿ ನನ್ನ ಗೆಳತಿ ಇದ್ಲು.” ಆಮೇಲೆ ಎದ್ದು, ತಟ್ಟೆಗೆ ಮಂಡಕ್ಕಿ ಹಾಕಿಕೊಟ್ಟರು. ಬರೀ ಮಂಡಕ್ಕಿ. ನಾನು ತಿನ್ನುವವರೆಗೂ ಎದುರು ಕೂತಿದ್ದರು.

ಸಂಜೆ ಮನೆ ತಲುಪಿ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಒಲೆ ಆರಿಸಿ, ಕೈ ತೊಳೆದು, ಪೆಟ್ಟಿಗೆಯಿಂದ ಒಂದು ಒಳ್ಳೆಯ ಸೀರೆ ತೆಗೆದಿಟ್ಟಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಳು. ನಾನು ಚಪ್ಪಲಿ ಮೆಟ್ಟಿಕೊಂಡದ್ದನ್ನು ನೋಡಿ, “ನೀ ಬರಬ್ಯಾಡ” ಎಂದಳು.

ಅಲ್ಲಿ ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅವ್ವ ಹೇಳಲಿಲ್ಲ, ನಾನು ಕೇಳಲಿಲ್ಲ. ಸಂಜೆಯ ಬಸ್ಸಿಗೆ ಬಂದಾಗ ಅವಳ ಕಣ್ಣು ಊದಿತ್ತು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಹೋಗುವುದು ರೂಢಿಯಾಯಿತು. ಕೆಲವು ಸಲ ಅತ್ತಿ ಇಲ್ಲಿಗೆ ಬಂದರು. ಓಣಿಯವರಿಗೆಲ್ಲ ಅವ್ವನೇ ಮನೆಮನೆಗೂ ಹೋಗಿ ಹೇಳಿದ್ದಳು, ಮಗನ ಹೆಸರು ಹಿಡಿದೇ. ಕಡೆಯ ಕಾಯಿಲೆಯಲ್ಲಿ ಅತ್ತಿ ಹಾಸಿಗೆ ಹಿಡಿದಾಗ ಅವ್ವ ಹನ್ನೆರಡು ದಿನ ಅವರ ಮನೆಯಲ್ಲೇ ಇದ್ದಳು. ಬಾಯಿಗೆ ನೀರು ಬಿಟ್ಟವಳೂ ಅವಳೇ.

ಮಣ್ಣು ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗ ಅವ್ವನ ಪಕ್ಕ ಕೂತಿದ್ದೆ. ಬಸ್ಸು ಊರು ದಾಟಿದ ಮೇಲೆ, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ.

“ಅತ್ತಿ ನನ್ನ ಬಗ್ಗೆ ಏನರ ಅಂದಿದ್ರೇನು?”

“ಸಣ್ಣಾಂವ ಇದ್ದ, ಅಂಜಿದ್ದ, ಹೋಗ್ಲಿ ಬಿಡು ಅಂದ್ಲು. ನಾ ಹೋದ ದಿನಾನ ಅಂದ್ಲು. ಆಕಿ ನಿನಗ ಅವತ್ತ ಮಾಫಿ ಮಾಡಿದ್ಲು.”

ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ನಾ ಇನ್ನಾ ಮಾಡಿಲ್ಲ” ಎಂದಳು. “ಆರು ವರ್ಷ ಆಕಿ ಬದುಕಿದ್ಲು, ನಾ ಬದುಕಿದ್ದೆ, ಇಬ್ರೂ ಮಾತಾಡ್ಲಿಲ್ಲ. ಆ ಆರು ವರ್ಷ ಈಗ ಯಾರು ತಂದು ಕೊಡ್ತಾರ ನನಗ?”